ಇಲ್ಲದ ಮಗುವಿಗೆ ಕಟ್ಟಿದ ಹಗ್ಗ

ಸುಳ್ಳು ಹೇಳುವಾಗಲೂ ನಮ್ಮಮ್ಮನಿಗೆ ಹೆಣ್ಣುಮಗು ಬೇಡವಾಯಿತು. ಮುಂದೆ ನಾವು ಪಟ್ಟ ಪಾಡಿಗೆಲ್ಲ ಅದೇ ಮೂಲ.

ಸುಳ್ಳು ಹೇಳದೆ ಬೇರೆ ದಾರಿ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಆ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಹಿತ್ತಿಲ ಜಾಡಿಕಟ್ಟೆಯ ಮೇಲೆ, ಸೋಯಾ ರಸದ ದೊಡ್ಡ ಜಾಡಿಗಳ ಸಂದಿಯಲ್ಲಿ, ಒಬ್ಬ ಮನುಷ್ಯ ಮುದುಡಿಕೊಂಡು ಮಲಗಿದ್ದ. ಹೆಸರು ಚೂ ದೊಕ್‌ಸು. ಜಪಾನಿನವರು ದೇಶ ಹಿಡಿದ ಮೇಲೆ ಶಾಂಘಾಯಿಗೆ ಹೋಗಿ ಕೂತ ನಮ್ಮವರ ಸರ್ಕಾರಕ್ಕೂ ಇಲ್ಲಿನ ಮನೆಗಳಿಗೂ ನಡುವೆ ಸುದ್ದಿ ಹೊತ್ತು ತಿರುಗುತ್ತಿದ್ದವನು. ದೋಣಿಕಡವಿನಲ್ಲಿ ಪೊಲೀಸರು ಹಾರಿಸಿದ ಗುಂಡು ಅವನ ಮೀನಖಂಡವನ್ನು ತೂರಿಕೊಂಡು ಹೋಗಿತ್ತು. ಅವನು ಯಾವುದನ್ನೂ ಬರೆದಿಟ್ಟುಕೊಳ್ಳುವವನಲ್ಲ. ಈ ಕಣಿವೆಯಲ್ಲಿ ಯಾರು ಅನ್ನ ಹಾಕಿದರು, ಯಾರು ಹಾಸಿಗೆ ಕೊಟ್ಟರು, ಎಲ್ಲವೂ ತಲೆಯಲ್ಲೇ. ಅದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಅವನು ಜೀವಂತ ಸಿಕ್ಕಿ, ಠಾಣೆಯವರು ಆ ತಲೆಯನ್ನು ತಮಗೆ ಗೊತ್ತಿರುವ ರೀತಿಯಲ್ಲಿ ಬಿಚ್ಚಿದರೆ ಮೊದಲು ಉದುರುವ ಹೆಸರು ನನ್ನ ತಮ್ಮ ಇಂಗ್ಯುವಿನದು. ಆಮೇಲೆ ಊರಿಗೆ ಊರೇ.

ಹೊತ್ತು ತಂದು ಅವನನ್ನು ಇಂಗ್ಯುವಿನ ಹೆಂಡತಿಯ ಕೋಣೆಯ ಅಟ್ಟಕ್ಕೆ ಏರಿಸಿದೆವು. ಅಡುಗೆಮನೆಯ ಒಲೆಯ ನೆತ್ತಿಗೇ ಬರುವ ಅಟ್ಟ ಅದು. ಬೆಚ್ಚಗಿರುತ್ತದೆ, ಕೋಣೆಯೊಳಗಿಂದಲ್ಲದೆ ಬೇರೆ ದಾರಿಯಿಲ್ಲ. ಇಂಗ್ಯುವಿನ ಹೆಂಡತಿ ಮುರಂಗ್‌ದೇಕ್. ನಮ್ಮಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಹೆಸರಿನ ಅಗತ್ಯ ಬೀಳುವುದಿಲ್ಲ, ತವರೂರಿನ ಹೆಸರೇ ಸಾಕು. ಅವಳು ಬಂದು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷದಲ್ಲಿ ಅವಳು ಆಡಿದ ಮಾತನ್ನೆಲ್ಲ ಕೂಡಿಸಿದರೆ ನಮ್ಮಮ್ಮನ ಒಂದು ಬೆಳಗಿನ ಮಾತಿಗೆ ಸಮನಾಗುತ್ತಿರಲಿಲ್ಲ.

ಹಗ್ಗ ಕಟ್ಟುವ ಉಪಾಯ ನನ್ನದು. ಗಂಡ ಸತ್ತು ತವರಿಗೆ ಮರಳಿದವಳಿಗೆ ಕಥೆಪುಸ್ತಕ ಓದುವುದು, ಉಪಾಯ ಹೇಳುವುದು ಬಿಟ್ಟು ಬೇರೆ ಕೆಲಸವೇನಿರುತ್ತದೆ? ಹೆರಿಗೆಯಾದ ಮನೆಯ ಬಾಗಿಲಿಗೆ ಎಡಕ್ಕೆ ಹೊಸೆದ ಹುಲ್ಲಿನ ಹಗ್ಗ ಕಟ್ಟಿದರೆ ಮೂರು ವಾರ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಇಟ್ಟರೆ ಮಗುವಿಗೂ ಕೇಡು, ಇಟ್ಟವನಿಗೂ ಕೇಡು. ಸೊಸೆ ಬಸುರಿಯೆಂದು ಯಾರಿಗೂ ಗೊತ್ತಿಲ್ಲದ್ದಕ್ಕೂ ಸಮಾಧಾನವಿತ್ತು. ಹಿಂದೆ ಒಂದು ಕೂಸನ್ನು ಕಳೆದುಕೊಂಡ ಮನೆ, ಈ ಸಲ ದೃಷ್ಟಿ ತಾಗದಿರಲೆಂದು ಬಚ್ಚಿಟ್ಟರು ಎಂದರಾಯಿತು. ನಮ್ಮ ಲಂಗಗಳ ಅಗಲದಲ್ಲಿ ಬಸಿರನ್ನಷ್ಟೇ ಅಲ್ಲ, ಒಂದು ಹಂದಿಮರಿಯನ್ನೂ ಬಚ್ಚಿಡಬಹುದು.

ಹಗ್ಗಕ್ಕೆ ಹೆಣ್ಣುಮಗುವಿನ ಗುರುತಾದ ಇದ್ದಿಲು, ಪೈನ್ ಚಿಗುರು ಸಿಕ್ಕಿಸಿದರೆ ಸಾಕು, ಹೆಣ್ಣೆಂದರೆ ಒಬ್ಬರೂ ಈ ಕಡೆ ತಲೆಹಾಕುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಹಗ್ಗ ಹೊಸೆಯುತ್ತಲೇ ನನ್ನನ್ನು ದಿಟ್ಟಿಸಿದಳು.

“ಒಂಬತ್ತು ವರ್ಷ ಕಾದು ಈ ಮನೇಲಿ ಮಗು ಹುಟ್ಟೋದು. ಅದೂ ಹೆಣ್ಣಾ?”

“ಹುಟ್ಟಿಲ್ಲಮ್ಮ.”

“ಹುಟ್ಟಿಲ್ಲ ಅಂತ ನಂಗೂ ಗೊತ್ತು. ಆದ್ರೆ ಸಂಶಿನ್ ಅಜ್ಜಿ ಕೇಳಿಸ್ಕೊಳ್ತಿರ್ತಾಳೆ. ನಾವೇ ಬಾಯಿಬಿಟ್ಟು ಹೆಣ್ಣು ಅಂದ್ರೆ, ಇವರಿಗೆ ಅದೇ ಬೇಕಂತೆ ಅಂತ ಮುಂದೆ ಅದನ್ನೇ ಕೊಡ್ತಾಳೆ.”

ಮಕ್ಕಳನ್ನು ಕೊಡುವ ದೇವತೆಯ ಕಿವಿ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ನಾನು ಗಾಯಕ್ಕೆ ಬಟ್ಟೆ ಸುತ್ತಿ ಹೊರಗೆ ಬರುವಷ್ಟರಲ್ಲಿ ಹೆಬ್ಬಾಗಿಲಿಗೆ ಹಗ್ಗ ಏರಿತ್ತು. ಇದ್ದಿಲ ತುಂಡುಗಳ ನಡುವೆ ಆ ವರ್ಷದ ಬೆಳೆಯಲ್ಲೇ ಆರಿಸಿದ, ಬೆರಳುದ್ದದ, ಕೆಂಡದಂಥ ಒಣಮೆಣಸಿನಕಾಯಿಗಳು ತೂಗುತ್ತಿದ್ದವು. ನಮ್ಮ ಬ್ಯೋನ್ ಕುಲದ ಹಿರಿಮನೆಯಲ್ಲಿ ಗಂಡು ಹುಟ್ಟಿದೆಯೆಂದು ಹೊಳೆಯಾಚೆಗೂ ಕಾಣುವಂತೆ.

ಬೆಳಗಿನ ಊಟದ ಹೊತ್ತಿಗೆ ಠಾಣೆಯ ಜಪಾನಿ ದಫೇದಾರ್ ಕುರಾತಾ ಬಂದ. ಜೊತೆಗೆ ಪೇದೆ ಮೇಂಗ್. ಮೇಂಗ್ ನಮ್ಮವನೇ, ಪಕ್ಕದ ಹಳ್ಳಿಯವನು. ಅವನ ತಾಯಿ ಮನೆಮನೆಗೆ ತೋಫು ಮಾರಿ ಅವನನ್ನು ಸಾಕಿದ್ದಳು. ಜಪಾನಿನವರ ಟೋಪಿ ತಲೆಗೇರಿದ ಮೇಲೆ ಅವನ ನಡಿಗೆ ಬದಲಾಗಿತ್ತು. ಆದರೆ ನಮ್ಮಮ್ಮನ ಮುಂದೆ ಬಂದರೆ ಪಾದಗಳು ಹಳೆಯದನ್ನು ನೆನೆದು ಒಳಮುಖವಾಗುತ್ತಿದ್ದವು.

ಊರಿನ ಮನೆಗಳನ್ನೆಲ್ಲ ಜಾಲಾಡಿ ಬಂದಿದ್ದರು. ಗಂಡಸರ ಪಡಸಾಲೆಗೆ ಬೇರೆ ಬಾಗಿಲು; ಅಲ್ಲಿ ಚಾಪೆ ಮಗುಚಿದರು, ಹುಲ್ಲಿನ ಬಣವೆಗೆ ಕತ್ತಿ ತೂರಿ ನೋಡಿದರು. ಉಳಿದದ್ದು ಒಳಮನೆ. ಕುರಾತಾ ಕತ್ತಿಯ ಒರೆಯಿಂದ ಹಗ್ಗವನ್ನು ಎತ್ತಿದ. ಅಮ್ಮ ಬಾಣಂತಿಗೆ ಕೊಡುವ ಕಡಲಸೊಪ್ಪಿನ ಸಾರಿನ ಬಟ್ಟಲು ಹಿಡಿದು ಒಳಗಿನಿಂದ ಬಂದು ನಿಂತಳು. ದಫೇದಾರ ಎಂಬ ಪ್ರಾಣಿ ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂಬಂತೆ ಮೇಂಗ್‌ನನ್ನು ಮಾತ್ರ ನೋಡಿದಳು.

“ನಿಮ್ಮಮ್ಮ ನಿನ್ನ ಹೆತ್ತಾಗ ಕಡಲಸೊಪ್ಪು ಕಳ್ಸಿದ್ದು ನಾನು ಕಣೋ. ಆವತ್ತು ನಿಮ್ಮ ಹಗ್ಗ ಯಾರೂ ದಾಟ್ಲಿಲ್ಲ. ದಾಟಿದ್ರೆ, ಇವತ್ತು ನನ್ನ ಬಾಗಿಲಿಗೆ ಬರೋಕೆ ನೀನೇ ಇರ್ತಿರ್ಲಿಲ್ಲ.”

ಮೇಂಗ್ ದಫೇದಾರನ ಕಿವಿಯಲ್ಲಿ ಜಪಾನಿಯಲ್ಲಿ ಏನೋ ಹೇಳಿದ. ಏನು ಹೇಳಿದನೆಂದು ಆಮೇಲೆ ಅವನೇ ಹೆಂಡದಂಗಡಿಯಲ್ಲಿ ಕೊಚ್ಚಿಕೊಂಡನಂತೆ: ಒಂಬತ್ತು ವರ್ಷಕ್ಕೆ ಹುಟ್ಟಿದ ವಂಶದ ಕುಡಿ, ನೀವು ದಾಟಿದ ಮೇಲೆ ಅದಕ್ಕೆ ನೆಗಡಿಯಾದರೂ ಕಣಿವೆಯ ಬ್ಯೋನ್‌ಗಳೆಲ್ಲ ಠಾಣೆಯ ಮುಂದೆ ಕೂರುತ್ತಾರೆ, ಹೆರಿಗೆ ನಿಜ, ಅದಕ್ಕೆ ನಾನು ಜವಾಬ್ದಾರ. ಕಳೆದ ವರ್ಷ ವಸಂತದಲ್ಲಿ ಸಂತೆಗೆ ಸಂತೆಯೇ ಕೈಯೆತ್ತಿ ‘ಮಾನ್ಸೆ’, ದೇಶಕ್ಕೆ ಜಯವಾಗಲಿ, ಎಂದು ಕೂಗಿದ್ದನ್ನು ಕುರಾತಾ ಮರೆತಿರಲಿಲ್ಲ. ಕತ್ತಿಯನ್ನು ಇಳಿಸಿದ. ಹಗ್ಗ ಎಂದು ಬಿಚ್ಚುತ್ತಾರೆಂದು ಕೇಳಿ ತಿಳಿದುಕೊಂಡ. ಹೋಗುವಾಗ ಮೆಣಸಿನಕಾಯಿಯ ಕಡೆ ಬೆರಳು ತೋರಿಸಿ ವಿಚಾರಿಸಿದ, ಮೇಂಗ್‌ನ ಉತ್ತರ ಕೇಳಿ ನಕ್ಕ. ಅವನಿಗೂ ತನ್ನ ಊರಿನಲ್ಲಿ ಗಂಡುಮಗುವಿತ್ತಂತೆ.

ಹೀಗೆ ನಮಗೆ ಮೂರು ವಾರ ದಕ್ಕಿತು. ದೊಕ್‌ಸುವಿನ ಕಾಲು ಅಷ್ಟರಲ್ಲಿ ನೆಲ ಮುಟ್ಟಬೇಕು, ಅವನು ಹೊಳೆ ದಾಟಬೇಕು.

ಹೆಣ್ಣೆಂದು ಹೇಳಿದ್ದರೆ ಈ ಮೂರು ವಾರ ಮಲಗಿ ಕಳೆಯಬಹುದಿತ್ತು. ಗಂಡಾದದ್ದರಿಂದ ಬಾಗಿಲಿನಲ್ಲಿ ಜಾತ್ರೆ. ಹಗ್ಗ ದಾಟುವಂತಿಲ್ಲ ನಿಜ, ಹಗ್ಗದಾಚೆ ನಿಂತು ಮಾತಾಡಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಊರಿನ ಹೆಂಗಸರು ಕಡಲಸೊಪ್ಪಿನ ಕಟ್ಟು ತಂದು ಇಟ್ಟರು, ಇಟ್ಟವರು ಹೋಗಲಿಲ್ಲ. ಸೊಸೆಯ ನಡಿಗೆ ನೋಡಿಯೇ ನನಗೆ ಗೊತ್ತಾಗಿತ್ತು ಎಂದು ಒಬ್ಬಳು, ಮುಖದ ಕಾಂತಿ ನೋಡಿ ಗೊತ್ತಾಗಿತ್ತು ಎಂದು ಇನ್ನೊಬ್ಬಳು. ಎಲ್ಲರಿಗಿಂತ ಅಪಾಯದವಳು ಪಕ್ಕದ ಮನೆಯ ನೊಪ್‌ಸಿಲ್‌ದೇಕ್. ಅವಳು ಏನನ್ನೂ ಹೇಳುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು.

ಕೇಳಿಸಿಕೊಳ್ಳಲು ಏನೂ ಇರಲಿಲ್ಲ, ಅದೇ ತೊಂದರೆ. ಮೂರನೆಯ ದಿನ ಅವಳು ಮಗು ಯಾಕೆ ಅಳುವುದಿಲ್ಲವೆಂದು ಕೇಳಿಯೇಬಿಟ್ಟಳು. ಹಿರಿಮನೆಯ ಕುಡಿ ನಾಯಿಮರಿಯ ಹಾಗೆ ಕಿರುಚುತ್ತದೆಯೇ ಎಂದು ಅಮ್ಮ ಗದರಿದಳು. ಅದೇ ಗಳಿಗೆಯಲ್ಲಿ ಅಟ್ಟದ ಮೇಲಿಂದ ಗರಗಸ ಎಳೆದ ಸದ್ದು ಬಂತು. ದೊಕ್‌ಸು ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಿದ್ದವನು, ಗೊರಕೆಗೆ ಹಗಲುರಾತ್ರಿಯ ಭೇದವಿಲ್ಲ.

“ಅಳಲ್ಲ, ಗೊರಕೆ ಮಾತ್ರ ಹೊಡೀತದೆ,” ಎಂದಳು ನೊಪ್‌ಸಿಲ್‌ದೇಕ್.

ಇಂಗ್ಯು ಒಳಗೆ ಮಲಗಿದ್ದಾನೆ ಎಂದೆ ನಾನು. ಎಂದ ಮರುಕ್ಷಣವೇ ಇಂಗ್ಯು ಪಡಸಾಲೆಯ ಕಡೆಯಿಂದ ಪೈಪು ಸೇದುತ್ತಾ ಅಂಗಳಕ್ಕೆ ಬಂದ. ನನ್ನ ತಮ್ಮ ದೇಶಕ್ಕಾಗಿ ಪ್ರಾಣ ಕೊಡಬಲ್ಲವನು, ಆದರೆ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರಲಾರ. ಅಮ್ಮ ಕಣ್ಣು ಮಿಟುಕಿಸದೆ, ಗೊರಕೆ ನನ್ನ ಮಗಳದು, ವಿಧವೆಯಾದ ಮೇಲೆ ಅವಳಿಗೆ ಈ ರೋಗ, ನಿಂತಲ್ಲೇ ನಿದ್ದೆ ಎಂದಳು. ನೊಪ್‌ಸಿಲ್‌ದೇಕ್ ಎದುರಿಗೆ ಎಚ್ಚರವಾಗಿ ನಿಂತ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿದೆ.

ಅವಳು ನಗಲಿಲ್ಲ. ಅವಳು ನಗದಿದ್ದದ್ದು ನಮ್ಮ ಎದೆಯಲ್ಲಿ ಎಷ್ಟೋ ದಿನ ಕೂತಿತ್ತು. ಅಂದಿನಿಂದ ದೊಕ್‌ಸು ಮಲಗಿದಾಗ ಮುರಂಗ್‌ದೇಕ್ ಅಟ್ಟದ ಮೆಟ್ಟಿಲಲ್ಲಿ ಬಡಿಗೆ ಹಿಡಿದು ಕೂರತೊಡಗಿದಳು; ಸದ್ದು ಎದ್ದರೆ ಪಕ್ಕೆಗೆ ತಿವಿಯುವುದು ಅವಳ ಕೆಲಸ. ಉಳಿದ ಹೊತ್ತು ಬಾಣಂತಿಯ ಹಾಗೆ ಹಾಸಿಗೆಯಲ್ಲಿ ಕೂತು, ಹೆರದ ಮಗುವಿಗಾಗಿ ಹೊತ್ತುಹೊತ್ತಿಗೆ ಕಡಲಸೊಪ್ಪಿನ ಸಾರು ಕುಡಿಯುವುದು. ಕೋಣೆಯ ಮೂಲೆಯಲ್ಲಿ ಅಮ್ಮ ಸಂಶಿನ್ ಅಜ್ಜಿಗೆಂದು ಅನ್ನ, ಸಾರು, ನೀರು ಇಡುತ್ತಿದ್ದಳು. ಎತ್ತಿಡಲು ಹೋದರೆ ಬಟ್ಟಲು ಖಾಲಿ. ಅಜ್ಜಿ ಒಪ್ಪಿಕೊಂಡಳೆಂದು ಅಮ್ಮನ ಕಣ್ಣು ತುಂಬಿ ಬಂತು. ಅಟ್ಟದಿಂದ ಇಳಿದು ಬಂದು ಅಜ್ಜಿಯ ಪಾಲನ್ನು ತಿನ್ನುತ್ತಿದ್ದವನು ಯಾರೆಂದು ನಾನು ಹೇಳಲಿಲ್ಲ.

ಆಮೇಲೆ ಕುಲದ ಹಿರಿಯರಾದ ದೊಡ್ಡತಾತ ಬಂದರು. ಕುದುರೆಕೂದಲಿನ ಟೋಪಿ, ಬಿಳಿ ನಿಲುವಂಗಿ, ಕೈಯಲ್ಲಿ ಕೋಲು. ಹಗ್ಗದಾಚೆ ನಿಂತು ಇಂಗ್ಯುವಿನಿಂದ ಮಗು ಹುಟ್ಟಿದ ಗಳಿಗೆ ಕೇಳಿದರು. ಸುಳ್ಳು ಹೇಳುವಾಗ ಇಂಗ್ಯುವಿನ ಕಿವಿ ಕೆಂಪಾಗುತ್ತದೆ, ಚಿಕ್ಕಂದಿನಿಂದಲೂ. ಕೆಂಪು ಕಿವಿಯಲ್ಲೇ, ಬಾಯಿಗೆ ಬಂದ ಹಾಗೆ ಹುಲಿಯ ಗಳಿಗೆ, ಅಂದರೆ ನಸುಕು, ಎಂದ. ದೊಡ್ಡತಾತ ಹೋಗಿ ಲೆಕ್ಕ ಹಾಕಿ ಮಾರನೆಯ ದಿನ ಮತ್ತೆ ಬಂದರು. ಇಂಥ ಜಾತಕವನ್ನು ತಾವು ಕಂಡಿಲ್ಲ, ಹುಡುಗ ದೊಡ್ಡ ಅಧಿಕಾರಿಯಾಗುತ್ತಾನೆ ಎಂದರು. ಹೇಳಿ, ಕೋಲಿನ ಮೇಲೆ ಗದ್ದ ಊರಿದರು.

“ಯಾರ ಕೈಕೆಳಗೆ ಅಧಿಕಾರಿ ಅನ್ನೋದು ಮಾತ್ರ ಜಾತಕದಲ್ಲಿ ಕಾಣ್ತಿಲ್ಲಪ್ಪ,” ಎಂದರು.

ಮಗುವಿಗೆ ವಂಶದ ಹೆಸರನ್ನು ಆರಿಸಿ ಇಟ್ಟೂಬಿಟ್ಟರು. ಅದು ಅಳುವುದಿಲ್ಲವೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಹಗ್ಗ ಇಳಿದ ದಿನವೇ ತಮ್ಮ ವೈದ್ಯನನ್ನು ಕಳಿಸುವುದಾಗಿಯೂ ಹೇಳಿದರು. ಅವರು ಹೋದ ದಿಕ್ಕಿಗೆ ಇಂಗ್ಯು ತಲೆಬಾಗಿ ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಪೊಲೀಸರ ಮುಂದೆ ನಿಲ್ಲುವುದು ಇದಕ್ಕಿಂತ ಸುಲಭ ಎಂದ.

ಅಮ್ಮನ ಸ್ಥಿತಿಯೂ ಸರಿಯಿರಲಿಲ್ಲ. ಅವಳು ಕೂಸಿನ ಕುಲಾವಿ ಹೊಲಿಯುತ್ತಿದ್ದಳು. ಯಾಕಮ್ಮ ಎಂದರೆ, ಹಗ್ಗದಾಚೆ ನಿಂತವರು ಸೂಜಿ ಹಿಡಿದದ್ದನ್ನು ನೋಡಲಿ ಅಂತ ಎನ್ನುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೂ ಹೊಲಿಯುತ್ತಿದ್ದಳು.

ಮೂರನೆಯ ವಾರ ಹಿಡಿಯುವ ಹೊತ್ತಿಗೆ ದೊಕ್‌ಸು ಕೋಲೂರಿ ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕತೊಡಗಿದ. ಓಡಲಾರ, ಕುಂಟದೆ ನಡೆಯಲಾರ. ಕಡವಿನಲ್ಲಿ ಕಾವಲು ಬಿಟ್ಟಿರಲಿಲ್ಲ. ದಾಟುವ ಪ್ರತಿ ಗಂಡಸಿನ ಷರಾಯಿ ಮೊಣಕಾಲಿನವರೆಗೆ ಎತ್ತಿಸಿ ಕಾಲು ನೋಡುತ್ತಿದ್ದರು. ಆಚೆ ದಡದ ಗುಡ್ಡ ಹತ್ತಿದರೆ ನಮ್ಮವರು ಕಾದಿರುತ್ತಾರೆ. ನಡುವೆ ಇದ್ದದ್ದು ಆ ಒಂದು ದೋಣಿ.

ಆಗ ಮೇಂಗ್ ಒಂದು ಮಧ್ಯಾಹ್ನ ಬಂದು ಹಗ್ಗದಾಚೆ ನಿಂತು ಕೆಮ್ಮಿದ. ನಾನು ಹೋದೆ.

“ಅಕ್ಕ, ನಾಡಿದ್ದು ಹಗ್ಗ ಬಿಚ್ತೀರಲ್ಲ. ದಫೇದಾರ್ರು ಬರ್ತಾರೆ. ಪೇಟೆ ಡಾಕ್ಟ್ರನ್ನ ಕರ್ಕೊಂಡು ಬಂದು ಮಗೂಗೆ ಸಿಡುಬಿನ ಚುಚ್ಚುಮದ್ದು ಹಾಕಿಸ್ತಾರಂತೆ. ಉಡುಗೊರೆನೂ ತಂದಿಟ್ಕೊಂಡಿದಾರೆ.”

ನಮ್ಮಂಥವರ ಮನೆಗೆ ಇಷ್ಟೆಲ್ಲ ಯಾಕೆ ಎಂದೆ.

“ಈಗ ಎಲ್ಲ ಪ್ರೀತಿಯಿಂದ ನಡ್ಕೋಬೇಕು ಅಂತ ಮೇಲಿಂದ ಹುಕುಂ ಬಂದಿದೆ,” ಎಂದ. ಮತ್ತೆ ನನ್ನ ಮುಖ ನೋಡದೆ, “ಪ್ರೀತಿಯಿಂದಾನೇ ಒಳಮನೇನೂ ನೋಡ್ತಾರೆ. ಅಟ್ಟ ಗಿಟ್ಟ ಎಲ್ಲ. ಇಡೀ ಊರಲ್ಲಿ ಅವರು ನೋಡ್ದೆ ಇರೋದು ಇದೊಂದೇ,” ಎಂದ.

ಆ ಸಂಜೆ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ದೊಕ್‌ಸು ಅಟ್ಟದ ಮೆಟ್ಟಿಲಲ್ಲಿ ಕೂತು, ತನ್ನನ್ನು ಹೊಳೆಗೆ ತಳ್ಳಿಬಿಡಿ, ಸತ್ತ ಬಾಯಿ ಹೆಸರು ಹೇಳುವುದಿಲ್ಲ ಎಂದ. ಎಂದಿನ ಹಾಗೆ ನಗುತ್ತಲೇ ಹೇಳಿದ, ಆದರೆ ತಮಾಷೆಯಾಗಿರಲಿಲ್ಲ. ಇಂಗ್ಯು ಈಜಿಸಿಕೊಂಡು ಹೋಗುತ್ತೇನೆ ಎಂದ. ದಡದಲ್ಲಿ ಆಗಲೇ ಹಿಮ ಕಟ್ಟುತ್ತಿತ್ತು. ನಾನು ಓದಿದ ಕಥೆಗಳಲ್ಲೆಲ್ಲ ಹುಡುಕಿದೆ. ಅವುಗಳಲ್ಲಿ ಇಂಥ ಹೊತ್ತಿಗೆ ಒಬ್ಬ ಸನ್ಯಾಸಿ ಮೋಡದ ಮೇಲೆ ಬರುತ್ತಾನೆ.

“ಮಗು ಸತ್ತರೆ ಆಗತ್ತೆ,” ಎಂದಳು ಮುರಂಗ್‌ದೇಕ್.

ಯಾರು ಮಾತಾಡಿದರೆಂದು ತಿಳಿಯಲು ನಮಗೆ ಒಂದು ಗಳಿಗೆ ಬೇಕಾಯಿತು. ಅವಳು ಗೋಡೆಯನ್ನು ನೋಡುತ್ತಿದ್ದಳು.

“ಕೂಸು ಸತ್ತರೆ ಹುಲ್ಲಲ್ಲಿ ಸುತ್ತಿ, ಆಳು ಬೆನ್ನಿನ ಮೇಲೆ ಹೊತ್ಕೊಂಡು ಹೊಳೆ ದಾಟಿ ಗುಡ್ಡಕ್ಕೆ ಹೋಗ್ತಾನೆ. ಹಿಂದೆ ಯಾರೂ ಹೋಗಲ್ಲ. ಎದುರಿಗೆ ಬಂದವರು ಬೆನ್ನು ತಿರುಗಿಸ್ತಾರೆ. ಅವನ ಮುಖ ಯಾರೂ ನೋಡಲ್ಲ, ದೋಣೀಲೂ ಜೊತೆಗೆ ಯಾರೂ ಹತ್ತಲ್ಲ. ಕೋಲು ಅಂತೂ ಕೈಯಲ್ಲಿ ಇದ್ದೇ ಇರತ್ತೆ, ಹೊರೆ ಹೊತ್ತವನು ವಾಲಿಕೊಂಡೇ ನಡೀತಾನೆ. ನಂಗೊತ್ತು. ಆವತ್ತು ಬಾಗಿಲ ಸಂದೀಲಿ ಕಾಣೋವರೆಗೂ ನೋಡಿದೀನಿ.”

ಆವತ್ತು ಎಂದರೆ ಐದು ವರ್ಷದ ಹಿಂದೆ. ಅವಳ ಕೂಸು ಕೆಲವೇ ದಿನ ಬದುಕಿತ್ತು. ಹೆಣ್ಣು. ಹೋದದ್ದು ಹೋಯಿತು, ಹೇಗೂ ಹೆಣ್ಣುತಾನೆ ಎಂದಿದ್ದಳು ಅಮ್ಮ, ಸಮಾಧಾನವೆಂದೇ ತಿಳಿದು. ಹಿರಿಯರಿರುವ ಮನೆಯಲ್ಲಿ ಕೂಸಿಗಾಗಿ ಗಟ್ಟಿಯಾಗಿ ಅಳುವುದು ನಮ್ಮಲ್ಲಿ ಸಭ್ಯತೆಯಲ್ಲ.

ಅಮ್ಮ ಎದ್ದು ನಿಂತಳು. ಮುಖ ಬೆಳ್ಳಗಾಗಿತ್ತು.

“ನಿನ್ನ ನಾಲಿಗೆ ಸೀದುಹೋಗ. ಹುಟ್ಟೋ ಮೊದ್ಲೇ ನನ್ನ ಮೊಮ್ಮಗನ್ನ ಸಾಯಿಸ್ತೀಯಾ? ನಾನು ಬಾಗಿಲಿಗೆ ಮೆಣಸಿನಕಾಯಿ ಕಟ್ಟಿ ಬೇಡ್ಕೊಂಡಿದ್ದು ಇದಕ್ಕಾ? ಸತ್ತ ಅಂತ ಈ ಬಾಯಲ್ಲಿ ಹೇಳಿದ್ರೆ ಸಂಶಿನ್ ಅಜ್ಜಿ ಇನ್ನೊಂದ್ಸಲ ಈ ಹೊಸ್ತಿಲು ದಾಟ್ತಾಳಾ?”

ಇಲ್ಲದ ಮಗು, ಅದು ಸಾಯುವುದೆಲ್ಲಿಂದ ಬಂತು ಎಂದು ಇಂಗ್ಯು ತಡೆಯಲು ಹೋದ. ಅಮ್ಮ ಅವನನ್ನು ಮೂರ್ಖ ಎಂದು ಬೈದಳು. ನನ್ನನ್ನೂ ಬೈದಳು, ಉಪಾಯ ನನ್ನದಲ್ಲವೇ. ದೊಕ್‌ಸುವನ್ನು ಬೈಯಲಿಲ್ಲ, ಅತಿಥಿ. ಆಮೇಲೆ ಕೆಳಗೆ ಕೂತು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಮುರಂಗ್‌ದೇಕ್ ಕಣ್ಣು ತಗ್ಗಿಸಲಿಲ್ಲ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

“ಅತ್ತೆ, ನಿಮ್ಮ ಮಗ ಇಲ್ದೆ ಮೊಮ್ಮಗ ಎಲ್ಲಿಂದ ಬರ್ತಾನೆ?”

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಬೇಯಿಸಿ, ಕುಟ್ಟಿ, ಇಟ್ಟಿಗೆಯ ಹಾಗೆ ಕಟ್ಟಿ ತೊಲೆಗೆ ನೇತುಹಾಕಿದ್ದ ಸೋಯಾ ಮುದ್ದೆಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡುವುದು ಕಾಣಿಸಿತು. ಒಂದನ್ನು ಆರಿಸಿ ತಂದಳು. ಹಳೆಯ ಬಟ್ಟೆ ಸಾಕು ಎಂದೆ ನಾನು. ಅವಳು ಹೊಸದನ್ನೇ ಸುತ್ತಿದಳು. ಕುಲಾವಿಯನ್ನೂ ಹಾಕಿದಳು, ಹಾಕಿ ದಾರ ಕಟ್ಟಿದಳು, ತೀರ ಬಿಗಿಯಾಯಿತೆಂದು ಬಿಚ್ಚಿ ಸಡಿಲಾಗಿ ಕಟ್ಟಿದಳು.

ಬೆಳಗಾಗುತ್ತಲೇ ಹೆಬ್ಬಾಗಿಲಿಗೆ ಹೋಗಿ ಹಗ್ಗವನ್ನು ಕುಡುಗೋಲಿನಿಂದ ಕತ್ತರಿಸಿದವಳೂ ಅಮ್ಮನೇ. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ದಿನ ತುಂಬುವ ಮೊದಲೇ ಹಗ್ಗ ಇಳಿದರೆ ಏನೆಂದು ಊರಿಗೆ ಗೊತ್ತು. ಅಮ್ಮ ಸೊಂಟ ಬಾಗಿಸಿಕೊಂಡು ಒಳಗೆ ಬಂದಳು, ಕಂಬ ಹಿಡಿದು ಕೂತಳು, ಬಾಯಿಯಿಂದ ಒಂದು ಸದ್ದು ಬಂತು. ನಟನೆಯಾಗಿದ್ದರೆ ಅದು ಇನ್ನೂ ಚೆನ್ನಾಗಿರುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ದೊಡ್ಡತಾತ ಟೋಪಿಯಿಲ್ಲದೆ, ಒಳಟೋಪಿಯಲ್ಲೇ ಬಂದರು. ಅವರನ್ನು ಹಾಗೆ ಯಾರೂ ನೋಡಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಹುಲಿಯ ಗಳಿಗೆಯನ್ನು ತಾವು ಗಟ್ಟಿಯಾಗಿ ಹೇಳಬಾರದಿತ್ತು, ದೃಷ್ಟಿ ತಮ್ಮದೇ ತಾಗಿತೆಂದು ಇಂಗ್ಯುವಿನ ಕೈ ಹಿಡಿದುಕೊಂಡರು. ಇಂಗ್ಯುವಿನ ಬಾಯಿ ತೆರೆಯಿತು. ಹೇಳಿಯೇಬಿಡುತ್ತಾನೆಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಹೊರೆಯಾಳು ಹೊರಬಂದ. ದೊಡ್ಡತಾತ ಕೈ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತರು.

ನಮ್ಮ ಗೇಣಿಯಾಳಿನ ಬಟ್ಟೆ, ತಲೆಗೆ ಸುತ್ತಿದ ಚೌಕ, ಬೆನ್ನಿಗೆ ಹೊರೆಯ ಕಟ್ಟಿಗೆ ಚೌಕಟ್ಟು, ಅದರ ಮೇಲೆ ಹುಲ್ಲಿನ ಸಣ್ಣ ಕಟ್ಟು, ಕೈಯಲ್ಲಿ ಕೋಲು. ದೊಕ್‌ಸು ತಲೆ ತಗ್ಗಿಸಿ ಬೀದಿಗೆ ಇಳಿದ. ಸೊಸೆ ಹೇಳಿದ ಹಾಗೇ ನಡೆಯಿತು. ಬಾವಿಯಲ್ಲಿದ್ದವರು ಬೆನ್ನು ತಿರುಗಿಸಿದರು. ಎತ್ತು ಹೊಡೆದುಕೊಂಡು ಬರುತ್ತಿದ್ದವನು ಎತ್ತಿನ ಮುಖವನ್ನೂ ತಿರುಗಿಸಿದ. ನೊಪ್‌ಸಿಲ್‌ದೇಕ್ ತನ್ನ ಬಾಗಿಲಲ್ಲಿ ನಿಂತಿದ್ದವಳು ಲಂಗದ ಅಂಚಿನಿಂದ ಬಾಯಿ ಮುಚ್ಚಿ ಒಳಗೆ ಹೋದಳು. ಅವಳು ಅಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಇಷ್ಟು ದಿನವೂ ಅವಳು ನಗದೆ ಕಿವಿಗೊಟ್ಟು ನಿಂತದ್ದು ನಮ್ಮ ಮೇಲಿನ ಅನುಮಾನದಿಂದಲ್ಲ, ಅಳದ ಕೂಸಿನ ಚಿಂತೆಯಿಂದ.

ನಾನು ಜಾಡಿಕಟ್ಟೆಯ ಮೇಲೆ ಹತ್ತಿ ನಿಂತೆ. ಅಲ್ಲಿಂದ ಕಡವು ಕಾಣುತ್ತದೆ. ಕೈಗೆ ಕೆಲಸವಿರಲೆಂದು ಜಾಡಿಯೊಂದರ ಮುಚ್ಚಳವನ್ನು ಒರೆಸುತ್ತಿದ್ದೆ. ದೋಣಿಯಲ್ಲಿದ್ದ ಜನ ಇಳಿದು ದೂರ ಸರಿದರು. ಅಂಬಿಗ ತಲೆ ತಗ್ಗಿಸಿ ಗಳು ಹಿಡಿದ. ಇನ್ನು ಹತ್ತುವುದೊಂದೇ ಉಳಿದಿತ್ತು. ಆಗ ಕಾವಲಿನ ಗುಡಿಸಲಿನಿಂದ ಕುರಾತಾ ಹೊರಬಂದು ಕೈ ಎತ್ತಿದ.

ದೊಕ್‌ಸು ನಿಂತ. ಮೇಂಗ್ ದಫೇದಾರನಿಗೆ ಏನೋ ಹೇಳಿದ, ಕೈ ಮುಗಿದ ಹಾಗೂ ಕಂಡಿತು. ಕುರಾತಾ ಹತ್ತಿರ ಬರಲಿಲ್ಲ; ಬಿಚ್ಚಿ ನೋಡೆಂದು ಮೇಂಗ್‌ಗೆ ಗದ್ದದಿಂದಲೇ ತೋರಿಸಿದ. ಮೇಂಗ್ ನಿಧಾನವಾಗಿ ನಡೆದು ಹೊರೆಯ ಹಿಂದೆ ನಿಂತು, ಹುಲ್ಲಿನ ಮೂಲೆಯನ್ನು ಎತ್ತಿದ.

ಎತ್ತಿದವನು ಬಗ್ಗಿಯೇ ಇದ್ದ. ನನ್ನ ಕೈಯಲ್ಲಿದ್ದ ಮುಚ್ಚಳ ಜಾರಿ ಬಿತ್ತು, ಒಡೆಯಲಿಲ್ಲ. ನಾನು ಸತ್ತವರನ್ನೆಲ್ಲ ನೆನೆದುಕೊಂಡೆ, ಗಂಡನನ್ನೂ. ಬದುಕಿದ್ದಾಗ ಅವನು ಯಾವ ಕೆಲಸಕ್ಕೂ ಒದಗಿದವನಲ್ಲ. ಮೇಂಗ್ ಬಟ್ಟೆಯನ್ನು ಇನ್ನಷ್ಟು ಸರಿಸಿದ. ಮತ್ತೆ ಮುಚ್ಚಿದ. ಹುಲ್ಲನ್ನು ಮೊದಲಿನ ಹಾಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ. ಹೊಳೆಯ ಅಂಚಿಗೆ ಹೋಗಿ ಉಗುಳಿ, ಕೈ ತೊಳೆದು, ದಫೇದಾರನ ಕಡೆ ತಿರುಗಿ ತಲೆಯಾಡಿಸಿದ. ಕುರಾತಾ ಟೋಪಿ ತೆಗೆದು ಕಂಕುಳಿಗೆ ಇಟ್ಟುಕೊಂಡ. ಕಾಲು ತೋರಿಸೆಂದು ಯಾರೂ ಕೇಳಲಿಲ್ಲ.

ದೋಣಿ ಆಚೆ ಮುಟ್ಟಿತು. ಹೊರೆಯಾಳು ಗುಡ್ಡದ ಪೊದೆಗಳಲ್ಲಿ ಮರೆಯಾದ.

ಆದರೆ ನಮ್ಮ ಭಯ ದೋಣಿಯ ಜೊತೆ ದಾಟಲಿಲ್ಲ. ಮೇಂಗ್ ನೋಡಿದ್ದ. ನೋಡಿದವನು ಯಾವಾಗ, ಎಷ್ಟಕ್ಕೆ, ಯಾರಿಗೆ ಹೇಳುತ್ತಾನೆ? ಮಧ್ಯಾಹ್ನದ ಹೊತ್ತಿಗೆ ಬೂಟಿನ ಸದ್ದು ಕೇಳಿತು. ಇನ್ನು ತಡೆಯಲು ಬಾಗಿಲಲ್ಲಿ ಏನೂ ಇರಲಿಲ್ಲ. ಕುರಾತಾ ನೇರ ಒಳ ಅಂಗಳಕ್ಕೆ ಬಂದು ನಿಂತ, ಒಂದು ಹೆಜ್ಜೆ ಹಿಂದೆ ಮೇಂಗ್. ದಫೇದಾರನ ಕೈಯಲ್ಲಿ ಕಾಗದ ಸುತ್ತಿದ ಪೆಟ್ಟಿಗೆಯಿತ್ತು. ಅದನ್ನು ಜಗಲಿಯ ಮೇಲಿಟ್ಟು ತನ್ನ ಭಾಷೆಯಲ್ಲಿ ಮಾತಾಡಿದ. ನಮ್ಮಲ್ಲಿ ಯಾರಿಗೂ ಆ ಭಾಷೆ ಬಾರದು, ಅವನಿಗೆ ನಮ್ಮದು ಬಾರದು.

“ತುಂಬಾ ದುಃಖ ಆಯ್ತಂತೆ,” ಎಂದ ಮೇಂಗ್. “ಅವರ ಮನೇಲೂ ಗಂಡುಮಗು ಇದೆಯಂತೆ.”

ಕುರಾತಾ ಮತ್ತೆ ಮಾತಾಡಿದ, ಈ ಸಲ ಉದ್ದಕ್ಕೆ, ದನಿ ಸ್ವಲ್ಪ ಗಟ್ಟಿ. ಮೇಂಗ್ ತಲೆಬಾಗಿ ಕೇಳಿದ. ಆಮೇಲೆ ಅದೇ ಮುಖ, ಅದೇ ದನಿಯಲ್ಲಿ, ಪಾಠ ಒಪ್ಪಿಸುವವನ ಹಾಗೆ ನಮ್ಮ ಕಡೆ ತಿರುಗಿ ಹೇಳಿದ:

“ಅಪ್ಪಣೆ ಇಲ್ದೆ ಗುಡ್ಡದಲ್ಲಿ ಹೂಳೋದು ಕಾನೂನಿಗೆ ವಿರುದ್ಧ, ಜಾಗ ತೋರಿಸ್ಬೇಕು ಅಂತಿದಾರೆ. ಗಂಡು ಕೂಸು, ನಾನೇ ಕಣ್ಣಾರೆ ನೋಡಿದೀನಿ, ಮುಖ ನೀಲಿಗಟ್ಟಿತ್ತು, ಅಗೆಯೋದು ಬೇಡ ಅಂತ ಹೇಳಿದೀನಿ. ಸೋಯಾ ಮುದ್ದೆಗೆ ಕುಲಾವಿ ಕಟ್ಟಿದ್ದು ಯಾರು ಅಂತ ಕೇಳಲ್ಲ. ನಿಮ್ಮ ಮೇಲಿನ ಪ್ರೀತಿಗಲ್ಲ, ತಿಳ್ಕೊಳ್ಳಿ. ಈ ಮನೇಲಿ ಮಗು ಇದೆ ಅಂತ ಮೊದಲ ದಿನದಿಂದ ನಾನೇ ಜವಾಬ್ದಾರಿ ಹೊತ್ತಿದೀನಿ. ಇರ್ಲಿಲ್ಲ ಅಂತಾದ್ರೆ ನಿಮಗಿಂತ ಮೊದ್ಲು ನನ್ನ ಚರ್ಮ ಸುಲೀತಾರೆ. ಅವರು ಇನ್ನೂ ಪೂರ್ತಿ ನಂಬಿಲ್ಲ. ಈಗ ಯಾರಾದ್ರೂ ಅಳಿ. ನೋಡ್ತಿದಾರೆ.”

ನಾವು ನಿಂತೇ ಇದ್ದೆವು. ಇಂಗ್ಯುವಿನ ಕಿವಿ ದಾಸವಾಳದ ಹಾಗೆ ಕೆಂಪಾಗಿತ್ತು. ಬೆಳಗಿನಿಂದ ಊರು ಕೇಳುವಂತೆ ಅತ್ತಿದ್ದ ಅಮ್ಮನ ಕಣ್ಣು ಭಯಕ್ಕೆ ಬತ್ತಿ ಕಲ್ಲಾಗಿತ್ತು. ನಾನು ಕಥೆ ಓದಿ ಇಡೀ ಅಂಗಳದ ಹೆಂಗಸರನ್ನು ಅಳಿಸಬಲ್ಲವಳು. ನನ್ನಿಂದ ಒಂದು ಹನಿ ಬರಲಿಲ್ಲ. ಕುರಾತಾ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದ. ಆಮೇಲೆ ಅವನ ದೃಷ್ಟಿ ಕೋಣೆಯ ಬಾಗಿಲಿಗೆ, ಬಾಗಿಲಿನಿಂದ ಅದರಾಚೆಯ ಅಟ್ಟದ ಮೆಟ್ಟಿಲಿಗೆ ಹೋಯಿತು. ಅಟ್ಟದಲ್ಲಿ ಹಾಸಿಗೆ ಹಾಗೇ ಇತ್ತು, ರಕ್ತದ ಬಟ್ಟೆ ಹಾಗೇ ಇತ್ತು. ಅವನು ಬೂಟನ್ನು ಜಗಲಿಯ ಮೇಲಿಟ್ಟ.

ಆಗ ಕೋಣೆಯೊಳಗೆ ಮುರಂಗ್‌ದೇಕ್ ಅತ್ತಳು.

ಮೊದಲು ಉಸಿರು ಸಿಕ್ಕಿಕೊಂಡಂಥ ಸದ್ದು. ಆಮೇಲೆ ನೆಲಕ್ಕೆ ಅಂಗೈ ಬಡಿಯುವುದು ಕೇಳಿತು. ಆಮೇಲೆ ಬಂದದ್ದಕ್ಕೆ ನಮ್ಮಲ್ಲಿ ಹೆಸರಿಲ್ಲ. ಹೆಣದ ಮುಂದೆ ಅಳುವುದಕ್ಕೆ ನಮ್ಮಲ್ಲಿ ರಾಗವಿದೆ, ಕ್ರಮವಿದೆ, ಇದಕ್ಕೆ ಎರಡೂ ಇರಲಿಲ್ಲ. ಕುರಾತಾ ಬೂಟನ್ನು ಕೆಳಗಿಳಿಸಿದ. ಅಲ್ಲಿರಬಾರದ ಹೊತ್ತಿನಲ್ಲಿ ಅಲ್ಲಿದ್ದವನ ಹಾಗೆ ನೆಲ ನೋಡಿದ, ತಲೆ ಬಾಗಿಸಿದ, ತಿರುಗಿ ಹೊರಟ. ಮೇಂಗ್ ಅವನ ಹಿಂದೆ ಹೋದ. ಹೊಸ್ತಿಲಲ್ಲಿ ಮುಗ್ಗರಿಸಿದ.

ಬೂಟಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿದ ಮೇಲೆ ಇಂಗ್ಯು ಜಗಲಿಯ ಅಂಚಿನಲ್ಲಿ ಕುಸಿದು ಕೂತ. ನಾನು ಹೆಬ್ಬಾಗಿಲು ಮುಚ್ಚಿ ಅಗಣಿ ಹಾಕಿದೆ. ಅಮ್ಮ ಕೋಣೆಯ ಬಾಗಿಲಿಗೆ ಹೋದಳು.

“ಸಾಕು ಕಣೇ. ಹೋದ್ರು ಅವರು.”

ಅಳು ನಿಲ್ಲಲಿಲ್ಲ. ಸ್ವಲ್ಪವೂ ಇಳಿಯಲಿಲ್ಲ. ಅಮ್ಮ ಕಂಬ ಹಿಡಿದು ಎಷ್ಟೋ ಹೊತ್ತು ಕೇಳಿಸಿಕೊಳ್ಳುತ್ತಾ ನಿಂತಿದ್ದಳು. ಆಮೇಲೆ ತಾನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.